ಬ್ಲ್ಯಾಕ್ ಹಿಸ್ಟರಿ ಮಂತ್‌ಗೆ ಸಾಕ್ಷ್ಯಚಿತ್ರ ತೋರಿಸಬೇಕೆ? ಕನ್ನಡ ಕೂಟಗಳಿಗೆ ಹಂತ ಹಂತದ ಮಾರ್ಗದರ್ಶಿ

ಜನವರಿ ಬಂತು ಅಂದರೆ ಅಮೆರಿಕದ ಒಂದಲ್ಲ ಒಂದು ಊರಿನ ಕನ್ನಡಿಗರಿಂದ ಇದೇ ಪ್ರಶ್ನೆ ಬರುತ್ತದೆ. "ಫೆಬ್ರವರಿ ಬ್ಲ್ಯಾಕ್ ಹಿಸ್ಟರಿ ಮಂತ್ ಅಲ್ವಾ? ನಮ್ಮ ಕೂಟದಿಂದ ಒಂದು ಡಾಕ್ಯುಮೆಂಟರಿ ತೋರಿಸೋಣ ಅಂತಿದ್ದೇವೆ. ನೆಟ್‌ಫ್ಲಿಕ್ಸ್ ಇದೆ, ಪ್ರೊಜೆಕ್ಟರ್ ಇದೆ. ಇನ್ನೇನು ಬೇಕು?" ಇನ್ನೂ ಸುಮಾರು ಬೇಕು. ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಕಾರ್ಯಕ್ರಮದ ದಿನ ಮಕ್ಕಳು ಇದನ್ನು ಕೇಳೇ ಕೇಳುತ್ತಾರೆ. ಕಪ್ಪು ಜನರ ಇತಿಹಾಸಕ್ಕೆ ಒಂದು ವಾರ ಮೀಸಲಿಡಬೇಕು ಎಂದು 1926ರಲ್ಲಿ ಶುರು ಮಾಡಿದವರು ಇತಿಹಾಸಕಾರ ಕಾರ್ಟರ್ ವುಡ್ಸನ್. ಅವರ ತಂದೆ ತಾಯಿ ಗುಲಾಮಗಿರಿ ಅನುಭವಿಸಿದವರು. ವುಡ್ಸನ್ ಕಲ್ಲಿದ್ದಲ ಗಣಿಯಲ್ಲಿ ದುಡಿದು, ತಡವಾಗಿ ಹೈಸ್ಕೂಲ್ ಸೇರಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ಅಬ್ರಹಾಂ ಲಿಂಕನ್ ಮತ್ತು ಫ್ರೆಡರಿಕ್ ಡಗ್ಲಸ್ ಇಬ್ಬರ ಹುಟ್ಟುಹಬ್ಬವೂ ಫೆಬ್ರವರಿಯ ಎರಡನೇ ವಾರದಲ್ಲಿ ಬರುತ್ತದೆ ಅಂತ ಆ ವಾರವನ್ನು ಆರಿಸಿದರು. 1976ರಲ್ಲಿ ಅದು ಇಡೀ ತಿಂಗಳ ಆಚರಣೆಯಾಯಿತು, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದಕ್ಕೆ ಮನ್ನಣೆ ಕೊಟ್ಟರು. ಬ್ರಿಟನ್‌ನಲ್ಲಿರುವ ಓದುಗರು ನೆನಪಿಡಿ, ಅಲ್ಲಿ 1987ರಿಂದ ಈ ಆಚರಣೆ ಅಕ್ಟೋಬರ್‌ನಲ್ಲಿ ನಡೆಯುತ್ತದೆ.

"ನಮಗೂ ಇದಕ್ಕೂ ಏನು ಸಂಬಂಧ?" ಎಂದು ಕೂಟದ ಸಮಿತಿಯಲ್ಲಿ ಯಾರಾದರೂ ಕೇಳಿದರೆ 1965ರ ವಲಸೆ ಕಾನೂನನ್ನು ನೆನಪಿಸಿ. ಅದಕ್ಕೆ ಮುಂಚೆ ಭಾರತದಿಂದ ಬರುವವರಿಗೆ ವರ್ಷಕ್ಕೆ 100 ಜನರ ಕೋಟಾ ಇತ್ತು. ಹುಟ್ಟಿದ ದೇಶ ನೋಡಿ ಜನರನ್ನು ಅಳೆಯುವ ಆ ಪದ್ಧತಿ ಹೋಗಿದ್ದು ನಾಗರಿಕ ಹಕ್ಕುಗಳ ಚಳವಳಿ ದೇಶವನ್ನೇ ಅಲುಗಾಡಿಸಿದ ಹೊತ್ತಿನಲ್ಲಿ. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನ ಹಕ್ಕು ಕಾಯ್ದೆ, ಅದೇ ವರ್ಷದ ವಲಸೆ ಕಾಯ್ದೆ, ಮೂರೂ ಬೆನ್ನುಬೆನ್ನಿಗೆ ಬಂದವು. ಇವತ್ತು ಅಮೆರಿಕದ ಊರೂರಲ್ಲಿ ಕನ್ನಡ ಕೂಟ ಇದೆ ಎಂದರೆ ಅದರಲ್ಲಿ ಪೊಲೀಸರ ಲಾಠಿ, ನಾಯಿ, ನೀರಿನ ಪೈಪಿನ ಮುಂದೆ ನಿಂತ ಕಪ್ಪು ಜನರ ಪಾಲೂ ಇದೆ. ಈ ಕಾರ್ಯಕ್ರಮವನ್ನು ಅಚ್ಚುಕಟ್ಟಾಗಿ ಮಾಡಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಹಂತ 1: ಮೊದಲು ಜನ, ಆಮೇಲೆ ಚಿತ್ರ

ಸಾಮಾನ್ಯವಾಗಿ ನಡೆಯುವುದು ಹೀಗೆ. ಚಿತ್ರ ಆರಿಸುತ್ತಾರೆ, ಹಾಲ್ ಬುಕ್ ಮಾಡುತ್ತಾರೆ, ಫ್ಲೈಯರ್ ಹಂಚುತ್ತಾರೆ. ಕೊನೆ ವಾರದಲ್ಲಿ "ಯಾರಾದರೂ ಆಫ್ರಿಕನ್ ಅಮೆರಿಕನ್ನರನ್ನು ಎರಡು ಮಾತಾಡೋಕೆ ಕರೆಯೋಣ" ಅನ್ನುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಯಾರ ಇತಿಹಾಸವೋ ಅವರನ್ನು ಕೊನೆಗೆ ಕರೆದರೆ ಅವರು ಅತಿಥಿಗಳಾಗಿ ಬಂದು ಹೋಗುತ್ತಾರೆ ಅಷ್ಟೇ.

ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲೇ ಕೆಲಸ ಶುರು ಮಾಡಿ. ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯ ಒಳ್ಳೆಯ ಬಾಗಿಲು. ಅಲ್ಲಿನ ಕಾರ್ಯಕ್ರಮ ನೋಡಿಕೊಳ್ಳುವ ಗ್ರಂಥಪಾಲಕರಿಗೆ ಊರಿನ ಕಪ್ಪು ಜನರ ಚರ್ಚುಗಳು, ಹಿರಿಯರು, ಸ್ಥಳೀಯ ಇತಿಹಾಸ ಬಲ್ಲವರು ಗೊತ್ತಿರುತ್ತಾರೆ. 1909ರಲ್ಲಿ ಹುಟ್ಟಿದ ಎನ್‌ಎಎಸಿಪಿ ಎಂಬ ಹಕ್ಕುಗಳ ಸಂಸ್ಥೆಗೆ ಅನೇಕ ಊರುಗಳಲ್ಲಿ ಶಾಖೆಗಳಿವೆ. ವುಡ್ಸನ್ 1915ರಲ್ಲಿ ಕಟ್ಟಿದ ಇತಿಹಾಸ ಸಂಘಕ್ಕೂ ಶಾಖೆಗಳಿವೆ. ಪ್ರತಿ ವರ್ಷದ ಆಚರಣೆಗೆ ಒಂದು ವಿಷಯ ಗೊತ್ತುಮಾಡುವುದು ಇದೇ ಸಂಘ. ಹತ್ತಿರದಲ್ಲಿ ಎಚ್‌ಬಿಸಿಯು ಇದ್ದರೆ, ಅಂದರೆ ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಹಿಂದೆ ಕಟ್ಟಿದ ಕಾಲೇಜು ಇದ್ದರೆ, ಅಲ್ಲಿನ ಇತಿಹಾಸ ವಿಭಾಗಕ್ಕೆ ಬರೆಯಿರಿ.

ಮೊದಲ ಭೇಟಿಯಲ್ಲಿ ಯೋಜನೆ ಮುಂದಿಡಬೇಡಿ. "ಈ ವರ್ಷ ನೀವೇನು ಮಾಡುತ್ತಿದ್ದೀರಿ? ನಾವು ಯಾವುದರಲ್ಲಿ ಕೈಜೋಡಿಸಬಹುದು?" ಎಂದು ಕೇಳಿ. ಎಷ್ಟೋ ಸಲ ಅವರದೇ ಪ್ರದರ್ಶನ ಆಗಲೇ ಗೊತ್ತಾಗಿರುತ್ತದೆ, ಹಾಲ್ ಬಾಡಿಗೆಗೆ ಅಥವಾ ಊಟಕ್ಕೆ ಜೊತೆ ಬೇಕಿರುತ್ತದೆ. ಆಗ ನಿಮ್ಮ ಕೂಟದ ಬ್ಯಾನರ್ ಸಣ್ಣದಾದರೂ ಪರವಾಗಿಲ್ಲ.

ಇನ್ನೊಂದು ವಿಷಯ. ಫೆಬ್ರವರಿಯಲ್ಲಿ ಮಾತುಗಾರರು ಸಿಗುವುದು ಬಹಳ ಕಷ್ಟ, ಎಲ್ಲರೂ ಅವರನ್ನೇ ಕರೆಯುತ್ತಾರೆ. ದಿನ ಹೊಂದದಿದ್ದರೆ ಜೂನ್ 19ರ ಆಸುಪಾಸು ನೋಡಿ. 1865ರ ಆ ದಿನ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮರ ಬಿಡುಗಡೆಯ ಆದೇಶ ಓದಿದರು. ಜೂನ್‌ಟೀನ್ತ್ ಎಂಬ ಹೆಸರಿನ ಆ ದಿನ 2021ರಿಂದ ರಾಷ್ಟ್ರೀಯ ರಜೆ.

ಹಂತ 2: ಚಿತ್ರ ಆರಿಸುವುದು

ಬರೀ ಹಿಂಸೆ, ಬರೀ ದುಃಖ ತುಂಬಿದ ಚಿತ್ರವನ್ನೇ ಆರಿಸಬೇಕೆಂದಿಲ್ಲ. ಸಂಗೀತ, ಊರು ಕಟ್ಟಿದ ಕಥೆ, ಮನೆತನದ ನೆನಪು, ಇವೂ ಇತಿಹಾಸವೇ. ನಾನು ಹೆಚ್ಚಾಗಿ ಹೇಳುವ ಕೆಲವು ಚಿತ್ರಗಳು ಇಲ್ಲಿವೆ.

ನನಗೆ ತುಂಬ ಇಷ್ಟವಾದದ್ದು 1998ರ "ದಿ ಲ್ಯಾಂಗ್ವೇಜ್ ಯು ಕ್ರೈ ಇನ್". ಒಂದು ಗಂಟೆಯೊಳಗೆ ಮುಗಿಯುತ್ತದೆ. 1930ರ ದಶಕದಲ್ಲಿ ಲೊರೆಂಜೊ ಟರ್ನರ್ ಎಂಬ ಭಾಷಾ ವಿದ್ವಾಂಸರು ಜಾರ್ಜಿಯಾದ ಕರಾವಳಿಯಲ್ಲಿ ಅಮೇಲಿಯಾ ಡಾಲಿ ಎಂಬ ಹೆಂಗಸಿನ ಬಾಯಿಂದ ಒಂದು ಹಾಡು ಧ್ವನಿಮುದ್ರಿಸಿಕೊಂಡರು. ಹಾಡಿನ ಅರ್ಥ ಹಾಡಿದವರಿಗೇ ಗೊತ್ತಿರಲಿಲ್ಲ, ಮನೆಯಲ್ಲಿ ತಾಯಿಯಿಂದ ಮಗಳಿಗೆ ಬಂದದ್ದು. ಅದು ಪಶ್ಚಿಮ ಆಫ್ರಿಕದ ಮೆಂಡೆ ಭಾಷೆಯದು ಎಂದು ಆಮೇಲೆ ತಿಳಿಯಿತು. ದಶಕಗಳ ನಂತರ ಸಂಶೋಧಕರು ಸಿಯೆರಾ ಲಿಯೋನ್‌ನ ಹಳ್ಳಿಗಳಲ್ಲಿ ಅದನ್ನು ಹುಡುಕುತ್ತಾ ಹೋದಾಗ ಸೆನೆಹುನ್ ಎನ್ಗೋಲಾ ಎಂಬ ಹಳ್ಳಿಯ ಒಬ್ಬಾಕೆ ಅದನ್ನು ಗುರುತು ಹಿಡಿದು ಹಾಡಿದರು. ಆ ಹಳ್ಳಿಯಲ್ಲಿ ಅದು ಸತ್ತವರನ್ನು ಕಳಿಸಿಕೊಡುವಾಗ ಹಾಡುವ ಹಾಡು. ಅಮೇಲಿಯಾ ಅವರ ಮಗಳು ಮೇರಿ ಮೊರಾನ್ ಕೊನೆಗೆ ಆ ಹಳ್ಳಿಗೇ ಹೋಗುತ್ತಾರೆ. ಅಜ್ಜಿಯ ಹಾಡು ಕೇಳಿ ಬೆಳೆದ ಯಾವ ಕನ್ನಡಿಗರಿಗೂ ಈ ಚಿತ್ರಕ್ಕೆ ಪೀಠಿಕೆ ಬೇಕಿಲ್ಲ.

"ಡಿಸೆಂಡೆಂಟ್" 2022ರ ಚಿತ್ರ. ಆಫ್ರಿಕದಿಂದ ಗುಲಾಮರನ್ನು ತರುವುದು 1808ರಿಂದಲೇ ಕಾನೂನುಬಾಹಿರವಾಗಿತ್ತು. ಆದರೂ 1860ರಲ್ಲಿ ಕ್ಲೋಟಿಲ್ಡಾ ಎಂಬ ಹಡಗು ಅಲಬಾಮದ ಮೊಬೀಲ್‌ಗೆ ಜನರನ್ನು ಕದ್ದು ತಂದಿತು. ಸಾಕ್ಷಿ ಉಳಿಯಬಾರದು ಎಂದು ಹಡಗಿಗೆ ಬೆಂಕಿ ಇಟ್ಟರು. ಬಿಡುಗಡೆಯ ನಂತರ ಆ ಜನ ಆಫ್ರಿಕಾಟೌನ್ ಎಂಬ ಊರನ್ನು ತಾವೇ ಕಟ್ಟಿಕೊಂಡರು. ಹಡಗಿನ ಅವಶೇಷ ಸಿಕ್ಕಿರುವುದು ಖಚಿತವಾಗಿದ್ದು 2019ರಲ್ಲಿ. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ಏನು ಕೇಳುತ್ತಿದ್ದಾರೆ ಎನ್ನುವುದೇ ಚಿತ್ರದ ಜೀವ. ಊರಿನ ಪರಂಪರೆಯ ಬಗ್ಗೆ ಮಾತು ಎತ್ತಬೇಕು ಎನ್ನುವವರಿಗೆ ಇದು ಸರಿ.

ಮನೆಮಂದಿಯೆಲ್ಲ ಬರುವ ಕಾರ್ಯಕ್ರಮವಾದರೆ 2021ರ "ಸಮ್ಮರ್ ಆಫ್ ಸೋಲ್" ನೋಡಿ. 1969ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ನಡೆದ ಸಂಗೀತೋತ್ಸವ ಅದು. ಆಗ ಚಿತ್ರಿಸಿದ ರೀಲುಗಳ ಬಹುಪಾಲು ಸುಮಾರು 50 ವರ್ಷ ನೆಲಮಾಳಿಗೆಯಲ್ಲಿ ಬಿದ್ದಿತ್ತು. ಉದ್ದ ಸುಮಾರು ಎರಡು ಗಂಟೆ, ಹಾಗಾಗಿ ಮಾತುಕತೆಗೆ ಸಮಯ ಮೊದಲೇ ತೆಗೆದಿಡಿ.

ದೊಡ್ಡವರಿಗಾದರೆ ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ ಅವರ ಬರಹ ಆಧರಿಸಿದ 2016ರ "ಐ ಆಮ್ ನಾಟ್ ಯುವರ್ ನೀಗ್ರೋ". ಅಲಬಾಮದ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ 1963ರ ಸೆಪ್ಟೆಂಬರ್ 15ರಂದು ಬಾಂಬಿಗೆ ಸಿಕ್ಕಿ ಸತ್ತ ನಾಲ್ಕು ಹುಡುಗಿಯರ ಬಗ್ಗೆ ಸ್ಪೈಕ್ ಲೀ ಮಾಡಿದ 1997ರ "ಫೋರ್ ಲಿಟಲ್ ಗರ್ಲ್ಸ್" ಕೂಡ ಇದೆ.

ಎಚ್ಚರಿಕೆ: ಟ್ರೇಲರ್ ನೋಡಿ ಚಿತ್ರ ಆರಿಸಬೇಡಿ. ಶುರುವಿಂದ ಕೊನೆವರೆಗೆ ನೀವೇ ಕೂತು ನೋಡಿ. "ಫೋರ್ ಲಿಟಲ್ ಗರ್ಲ್ಸ್"ನಲ್ಲಿ ಆ ಮಕ್ಕಳ ಶವದ ಫೋಟೋಗಳಿವೆ. ನಾಗರಿಕ ಹಕ್ಕುಗಳ ಬಗೆಗಿನ ಚಿತ್ರಗಳಲ್ಲಿ 1955ರಲ್ಲಿ ಕೊಲೆಯಾದ 14 ವರ್ಷದ ಎಮೆಟ್ ಟಿಲ್‌ನ ಮುಖ ಆಗಾಗ ಬರುತ್ತದೆ. ತನ್ನ ಮಗನಿಗೆ ಏನು ಮಾಡಿದರು ಎಂದು ಲೋಕ ನೋಡಲಿ ಅಂತ ಶವಪೆಟ್ಟಿಗೆ ತೆರೆದಿಡಿಸಿದವರು ಅವನ ತಾಯಿ. ದೊಡ್ಡವರು ಅದನ್ನು ನೋಡಲೇಬೇಕು. ಎಂಟು ವರ್ಷದ ಮಗುವಿಗೆ ತೋರಿಸುವುದೋ ಬೇಡವೋ ಎಂದು ಅದರ ಅಪ್ಪ ಅಮ್ಮ ತೀರ್ಮಾನಿಸಲಿ. ಅವರಿಗೆ ಅದು ಮೊದಲೇ ಗೊತ್ತಿರಬೇಕು.

ಹಂತ 3: ಪ್ರದರ್ಶನದ ಹಕ್ಕು

ಎಲ್ಲಕ್ಕಿಂತ ಜಾಸ್ತಿ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಮನೆಯಲ್ಲಿ ನೋಡಲು ಕೊಂಡ ಡಿವಿಡಿ, ಸ್ಟ್ರೀಮಿಂಗ್ ಚಂದಾ, ಯೂಟ್ಯೂಬ್ ಬಾಡಿಗೆ ಯಾವುದೂ ಹಾಲ್‌ನಲ್ಲಿ ತೋರಿಸುವ ಹಕ್ಕು ಕೊಡುವುದಿಲ್ಲ. ಮನೆಯವರು ಮತ್ತು ಆಪ್ತ ಬಳಗ ಬಿಟ್ಟು ಹೊರಗಿನವರು ಗಣನೀಯವಾಗಿ ಸೇರಿದರೆ ಅದು ಅಮೆರಿಕದ ಕಾನೂನಿನ ಪ್ರಕಾರ ಸಾರ್ವಜನಿಕ ಪ್ರದರ್ಶನ. ಅದಕ್ಕೆ ಬೇಕಾದ ಅನುಮತಿಯನ್ನು ಪಬ್ಲಿಕ್ ಪರ್ಫಾರ್ಮೆನ್ಸ್ ರೈಟ್ಸ್, ಚಿಕ್ಕದಾಗಿ ಪಿಪಿಆರ್ ಅನ್ನುತ್ತಾರೆ. "ನಾವು ಟಿಕೆಟ್ ಇಟ್ಟಿಲ್ಲ, ಲಾಭ ಮಾಡುತ್ತಿಲ್ಲ" ಅಂದರೆ ಸಾಲದು. ಉಚಿತ ಪ್ರದರ್ಶನಕ್ಕೂ ಅನುಮತಿ ಬೇಕು. ಶಾಲೆ ಕಾಲೇಜಿನ ತರಗತಿಯಲ್ಲಿ ಶಿಕ್ಷಕರು ಪಾಠದ ಭಾಗವಾಗಿ ತೋರಿಸುವುದಕ್ಕೆ ಒಂದು ವಿನಾಯಿತಿ ಇದೆ. ಅದನ್ನು ಕನ್ನಡ ಕೂಟದ ಕಾರ್ಯಕ್ರಮಕ್ಕೆ ಎಳೆದು ತರಲು ಆಗುವುದಿಲ್ಲ. ನಮ್ಮ ಭಾನುವಾರದ ಕನ್ನಡ ಶಾಲೆಯಲ್ಲಿ ತೋರಿಸುವುದಾದರೂ ಕೇಳಿಯೇ ತೋರಿಸಿ.

ಅನುಮತಿ ಪಡೆಯುವ ದಾರಿಗಳು ಇವು.

ಅ) ವಿತರಕರಿಗೆ ನೇರವಾಗಿ ಬರೆಯಿರಿ. ಕ್ಯಾಲಿಫೋರ್ನಿಯಾ ನ್ಯೂಸ್‌ರೀಲ್, ವಿಮೆನ್ ಮೇಕ್ ಮೂವೀಸ್, ಥರ್ಡ್ ವರ್ಲ್ಡ್ ನ್ಯೂಸ್‌ರೀಲ್, ಐಕಾರಸ್ ಫಿಲ್ಮ್ಸ್ ಇಂಥವರು ಸಾಕ್ಷ್ಯಚಿತ್ರಗಳನ್ನೇ ವಿತರಿಸುವವರು. ಪತ್ರದಲ್ಲಿ ಐದು ವಿಷಯ ಇರಲಿ: ಚಿತ್ರ, ದಿನ, ಜಾಗ, ಎಷ್ಟು ಜನ, ಟಿಕೆಟ್ ಇದೆಯೋ ಇಲ್ಲವೋ. ಸಣ್ಣ ಸಮುದಾಯ ಪ್ರದರ್ಶನಕ್ಕೂ ನೂರಾರು ಡಾಲರ್ ಆಗಬಹುದು ಎಂದುಕೊಂಡೇ ಬಜೆಟ್ ಹಾಕಿ. ರಿಯಾಯಿತಿ ಕೇಳುವುದರಲ್ಲಿ ನಾಚಿಕೆ ಬೇಡ. ಆದರೆ ಆ ಹಣದಿಂದಲೇ ಇಂಥ ಚಿತ್ರ ಮಾಡುವವರ ಮನೆ ನಡೆಯುತ್ತದೆ ಎನ್ನುವುದು ನೆನಪಿರಲಿ.

ಆ) ದೊಡ್ಡ ಸ್ಟುಡಿಯೋ ಚಿತ್ರವಾದರೆ ಸ್ವಾಂಕ್ ಥರದ ಲೈಸೆನ್ಸ್ ಕಂಪನಿಗಳಿವೆ. ನಿಮ್ಮ ಗ್ರಂಥಾಲಯಕ್ಕೆ ಆಗಲೇ ವಾರ್ಷಿಕ ಲೈಸೆನ್ಸ್ ಇರಬಹುದು, ಮೊದಲು ಅಲ್ಲೇ ಕೇಳಿ. ಇಂಥ ಲೈಸೆನ್ಸ್‌ಗಳಲ್ಲಿ ಒಂದು ಮುಳ್ಳು ಇರುತ್ತದೆ. ಕೆಲವು ಸಲ ಹೊರಗಿನ ಪ್ರಚಾರದಲ್ಲಿ ಚಿತ್ರದ ಹೆಸರು ಹಾಕುವಂತಿಲ್ಲ. ಷರತ್ತು ಓದದೆ ಫೇಸ್‌ಬುಕ್‌ನಲ್ಲಿ ಪೋಸ್ಟರ್ ಹಾಕಬೇಡಿ.

ಇ) ನೆಟ್‌ಫ್ಲಿಕ್ಸ್ ತನ್ನದೇ ಕೆಲವು ಸಾಕ್ಷ್ಯಚಿತ್ರಗಳಿಗೆ ಒಂದು ಸಲದ ಶೈಕ್ಷಣಿಕ ಪ್ರದರ್ಶನಕ್ಕೆ ಅನುಮತಿ ಕೊಡುತ್ತದೆ. ಆ ಚಿತ್ರದ ಪುಟದಲ್ಲೇ ಹಾಗೆ ಬರೆದಿರುತ್ತದೆ. ಟಿಕೆಟ್, ದೇಣಿಗೆ ಸಂಗ್ರಹ ಎರಡೂ ಕೂಡದು. ಬಾಗಿಲಲ್ಲಿ ಡಬ್ಬಿ ಇಟ್ಟರೂ ಷರತ್ತು ಮುರಿದಂತೆ.

ಈ) ಗ್ರಂಥಾಲಯದ ಕಾರ್ಡ್‌ನಿಂದ ನೋಡುವ ಕ್ಯಾನೊಪಿಯಲ್ಲಿ ಕೆಲವು ಚಿತ್ರಗಳಿಗೆ ಪಿಪಿಆರ್ ಜೊತೆಗೇ ಬರುತ್ತದೆ, ಹಲವಕ್ಕೆ ಇಲ್ಲ. ಗ್ರಂಥಪಾಲಕರಿಂದ ಬರವಣಿಗೆಯಲ್ಲಿ ಖಚಿತ ಮಾಡಿಕೊಳ್ಳಿ.

ಉ) ದುಡ್ಡೇ ಇಲ್ಲದಿದ್ದರೆ ಸರ್ಕಾರ ಮಾಡಿಸಿದ ಹಳೆಯ ಚಿತ್ರಗಳಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯ ಮಾಡಿಸಿದ 1944ರ "ದಿ ನೀಗ್ರೋ ಸೋಲ್ಜರ್" ಸುಮಾರು 40 ನಿಮಿಷದ್ದು, ಯಾರ ಹಕ್ಕೂ ಇಲ್ಲದೆ ಸಾರ್ವಜನಿಕ ಆಸ್ತಿಯಾಗಿದೆ. ಬರೆದವರು ಕಾರ್ಲ್‌ಟನ್ ಮಾಸ್ ಎಂಬ ಕಪ್ಪು ಲೇಖಕರು. ಅದು ಪ್ರಚಾರ ಚಿತ್ರ. ಸೈನ್ಯದೊಳಗೆ ಆಗ ಕಪ್ಪು ಸೈನಿಕರನ್ನು ಬೇರೆಯಾಗಿಯೇ ಇಟ್ಟಿದ್ದರು ಎನ್ನುವುದನ್ನು ಚಿತ್ರ ಶುರುವಾಗುವ ಮುಂಚೆ ಒಬ್ಬರು ಹೇಳಬೇಕು.

ಹಳೆಯದು ಅಂದ ಮಾತ್ರಕ್ಕೆ ಉಚಿತ ಎಂದುಕೊಳ್ಳಬೇಡಿ. ಮಾರ್ಟಿನ್ ಲೂಥರ್ ಕಿಂಗ್ ಅವರ 1963ರ ವಾಷಿಂಗ್ಟನ್ ಭಾಷಣದ ಹಕ್ಕು ಇಂದಿಗೂ ಅವರ ವಾರಸುದಾರರ ಹತ್ತಿರ ಇದೆ. ಹಕ್ಕಿನ ತೊಡಕು ಎಷ್ಟು ದೊಡ್ಡದಾಗಬಹುದು ಎನ್ನುವುದಕ್ಕೆ "ಐಸ್ ಆನ್ ದಿ ಪ್ರೈಜ್" ನೋಡಿ. ಹೆನ್ರಿ ಹ್ಯಾಂಪ್ಟನ್ ಅವರ ತಂಡ ಮಾಡಿದ ಈ 14 ಕಂತುಗಳ ಸರಣಿ 1987ರಲ್ಲಿ ಶುರುವಾಯಿತು. ನಾಗರಿಕ ಹಕ್ಕುಗಳ ಚಳವಳಿಯ ಬಗ್ಗೆ ಅಷ್ಟು ದೊಡ್ಡ ಕೆಲಸ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಅದರಲ್ಲಿ ಬಳಸಿದ ಹಳೆಯ ಸುದ್ದಿ ತುಣುಕು, ಫೋಟೋ, ಹಾಡುಗಳಿಗೆ ಪಡೆದ ಅನುಮತಿಗಳ ಅವಧಿ 1990ರ ದಶಕದಲ್ಲಿ ಮುಗಿಯಿತು. ಸರಣಿ ಟಿವಿಯಿಂದಲೂ ಅಂಗಡಿಯಿಂದಲೂ ಮಾಯವಾಯಿತು. ಫೋರ್ಡ್ ಫೌಂಡೇಶನ್ ಮತ್ತಿತರರ ಹಣದಿಂದ ಹಕ್ಕುಗಳನ್ನು ಮತ್ತೆ ಪಡೆದ ಮೇಲೆ 2006ರಲ್ಲಿ ವಾಪಸ್ ಬಂತು. ತಮ್ಮದೇ ಹೋರಾಟದ ಚಿತ್ರವನ್ನು ಅಷ್ಟು ವರ್ಷ ಜನ ನೋಡಲಾಗಲಿಲ್ಲ.

ಕರ್ನಾಟಕದಲ್ಲೇ ತೋರಿಸಬೇಕು ಎನ್ನುವವರಿಗೆ ಒಂದು ಮಾತು. ಹಕ್ಕಿನ ಜೊತೆಗೆ ಅಲ್ಲಿ 1952ರ ಸಿನಿಮಾಟೋಗ್ರಾಫ್ ಕಾಯ್ದೆಯೂ ಇದೆ, ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ನಿಮ್ಮೂರಿನ ಫಿಲ್ಮ್ ಸೊಸೈಟಿಯ ಜೊತೆ ಸೇರಿ ಮಾಡುವುದು ಸುಲಭ.

ಹಂತ 4: ಹಾಲ್ ಮತ್ತು ಯಂತ್ರ

ಗ್ರಂಥಾಲಯದ ಸಭಾಕೊಠಡಿ ಹಲವು ಕಡೆ ಉಚಿತ, ಆದರೆ ಪ್ರವೇಶ ಶುಲ್ಕ ಇಡುವಂತಿಲ್ಲ. ಗಾಲಿಕುರ್ಚಿ ಬರುವ ದಾರಿ ಇದೆಯಾ ನೋಡಿ. ಫೆಬ್ರವರಿ ಹಗಲಲ್ಲಿ ಕಿಟಕಿ ಬೆಳಕು ಪರದೆ ಮೇಲೆ ಬೀಳುತ್ತದೆ, ಕಿಟಕಿಗೆ ಕರ್ಟನ್ ಇಳಿಬಿಡಲು ಆಗುತ್ತಾ ನೋಡಿ. ಚಿತ್ರಕ್ಕಿಂತ ಧ್ವನಿ ಮುಖ್ಯ. ಲ್ಯಾಪ್‌ಟಾಪ್ ಸ್ಪೀಕರ್ ಸಾಲದು. ವೈಫೈ ನಂಬಬೇಡಿ, ಆದಷ್ಟು ಡಿಸ್ಕ್ ಅಥವಾ ವಿತರಕರು ಕೊಟ್ಟ ಫೈಲ್ ಇಟ್ಟುಕೊಳ್ಳಿ. ಇಂಗ್ಲಿಷ್ ಕ್ಯಾಪ್ಷನ್ ಆನ್ ಮಾಡಿ. ದಕ್ಷಿಣದ ರಾಜ್ಯಗಳ ಹಿರಿಯರ ಮಾತು ನಮ್ಮಲ್ಲಿ ಹಲವರ ಕಿವಿಗೆ ತಕ್ಷಣ ಹತ್ತುವುದಿಲ್ಲ, ಕಿವಿ ಮಂದವಾದವರಿಗಂತೂ ಬೇಕೇ ಬೇಕು.

ಊರಿಂದ ಬಂದಿರುವ ಅಪ್ಪ ಅಮ್ಮಂದಿರಿಗೆ ಏನು ಮಾಡುವುದು ಎಂದು ಬಹಳ ಜನ ಕೇಳುತ್ತಾರೆ. ಅನುಮತಿ ಇಲ್ಲದೆ ಕನ್ನಡ ಸಬ್‌ಟೈಟಲ್ ಹಾಕಬೇಡಿ. ಅದರ ಬದಲು ಒಂದು ಪುಟದ ಕನ್ನಡ ಸಾರಾಂಶ ಮಾಡಿ, ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೈಗೆ ಕೊಡಿ. ಮುಖ್ಯ ವ್ಯಕ್ತಿಗಳ ಹೆಸರು, ಊರು, ವರ್ಷ ಇದ್ದರೆ ಸಾಕು. ಹಳೆಯ ಕನ್ನಡ ಪುಸ್ತಕಗಳಲ್ಲಿ ಕಾಣುವ "ನೀಗ್ರೋ" ಪದ ಬೇಡ, ಚಿತ್ರದ ಹೆಸರಿನಲ್ಲಿದ್ದರೆ ಬೇರೆ ಮಾತು. ಕಪ್ಪು ಅಮೆರಿಕನ್ನರು ಎಂದು ಬರೆಯಿರಿ.

ಹಂತ 5: ಚಿತ್ರ ಮುಗಿದ ಮೇಲಿನ ಮಾತುಕತೆ

ಚಿತ್ರದ ಕೊನೆಯ ಹೆಸರುಗಳು ಪೂರ್ತಿ ಹೋಗಲಿ, ದೀಪ ಹಾಕಲು ಅವಸರ ಬೇಡ. ಸಂವಾದ ನಡೆಸುವವರು ಸಾಧ್ಯವಾದಷ್ಟು ನಿಮ್ಮ ಜೊತೆಗಾರ ಸಂಸ್ಥೆಯವರೇ ಆಗಲಿ. ಅವರಿಗೆ ಸಂಭಾವನೆ ಕೊಡಿ, ಮೊತ್ತವನ್ನು ಕರೆಯುವಾಗಲೇ ಹೇಳಿ. ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದು ಕಳಿಸುವುದು ನಮ್ಮ ಅಭ್ಯಾಸ. ಶಾಲು ಇರಲಿ, ಅದು ಚೆಕ್‌ನ ಜೊತೆಗೆ ಹೋಗಲಿ.

ಇಲ್ಲಿ ಆಗುವ ತಪ್ಪುಗಳು ಎರಡು. ಮೊದಲನೆಯದು, ಸಭೆಯಲ್ಲಿ ಕೂತ ಕಪ್ಪು ಜನರ ಕಡೆ ತಿರುಗಿ "ನಿಮ್ಮ ಅನುಭವ ಹೇಳಿ" ಅನ್ನುವುದು. ಅವರು ಸಿನಿಮಾ ನೋಡಲು ಬಂದವರು. ಹೇಳಬೇಕೆನಿಸಿದರೆ ಹೇಳುತ್ತಾರೆ.

ಎರಡನೆಯದು, ಐದೇ ನಿಮಿಷದಲ್ಲಿ ಮಾತನ್ನು ನಮ್ಮ ಕಡೆಗೆ ಎಳೆಯುವುದು. ಜಾತಿಯ ಹೋಲಿಕೆ ಬಂದೇ ಬರುತ್ತದೆ, ಬರಬೇಕು ಕೂಡ. ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡು ಬೋಯ್ಸ್ ಅವರಿಗೆ ಪತ್ರ ಬರೆದಿದ್ದರು, ಅವರು ಉತ್ತರವನ್ನೂ ಕೊಟ್ಟರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಬಂದದ್ದು ಅಮೆರಿಕದ ಕಪ್ಪು ಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಹಾಗೆಯೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನರು. ಆಫ್ರಿಕದಿಂದ ಬಂದವರ ಪೀಳಿಗೆ, ಶತಮಾನಗಳಿಂದ ನಮ್ಮ ನೆಲದಲ್ಲೇ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇವೆಲ್ಲ ನಿಜವಾದ ನಂಟುಗಳು. ಆದರೆ ಆ ದಿನದ ಮೊದಲ ಅರ್ಧ ಗಂಟೆ ಚಿತ್ರದ ಬಗ್ಗೆಯೇ, ಚಿತ್ರದ ಜನರ ಬಗ್ಗೆಯೇ ಮಾತಾಡಿ. ಸಿದ್ದಿಗಳ ಬಗ್ಗೆ ಹೇಳಲು ಆಸೆ ಇದ್ದರೆ ಮುಂದಿನ ತಿಂಗಳು ಇನ್ನೊಂದು ಪ್ರದರ್ಶನ ಇಡಿ, ಸಾಧ್ಯವಾದರೆ ಸಿದ್ದಿ ಸಮುದಾಯದವರನ್ನೇ ವಿಡಿಯೋದಲ್ಲಿ ಸೇರಿಸಿಕೊಳ್ಳಿ. ಡಮಾಮಿ ಕುಣಿತದ ಎರಡು ನಿಮಿಷದ ತುಣುಕನ್ನು ಸುಮ್ನೆ ಮನರಂಜನೆಗೆ ಹಾಕಿ ಮುಗಿಸಬೇಡಿ.

ಹಂತ 6: ಮನೆಯ ಫೋಟೋ, ಮನೆಯ ರೀಲು

ಇದು ಕಡ್ಡಾಯವಲ್ಲ, ಆದರೆ ಜೊತೆಗಾರ ಸಂಸ್ಥೆ ಒಪ್ಪಿದರೆ ಕಾರ್ಯಕ್ರಮದ ತೂಕವೇ ಬೇರೆಯಾಗುತ್ತದೆ. ಹಾಲ್‌ನ ಒಂದು ಮೂಲೆಯಲ್ಲಿ ಸ್ಕ್ಯಾನರ್ ಇಟ್ಟು, ಊರಿನ ಕಪ್ಪು ಕುಟುಂಬಗಳು ತಂದ ಹಳೆಯ ಫೋಟೋಗಳ ಡಿಜಿಟಲ್ ಪ್ರತಿ ಮಾಡಿ ಅವರಿಗೇ ಕೊಡುವುದು. ವಾಷಿಂಗ್ಟನ್‌ನಲ್ಲಿ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ಸ್ಮಿತ್‌ಸೋನಿಯನ್ ಮ್ಯೂಸಿಯಂ ಕುಟುಂಬಗಳ ಹೋಮ್ ಮೂವಿಗಳನ್ನು ಉಚಿತವಾಗಿ ಡಿಜಿಟಲ್ ಮಾಡಿಕೊಡುವ ಯೋಜನೆ ನಡೆಸಿದೆ. ಶಿಕಾಗೋದ ದಕ್ಷಿಣ ಭಾಗದ ಮನೆಗಳ ರೀಲುಗಳನ್ನು ಅಲ್ಲಿನ ವಿಶ್ವವಿದ್ಯಾಲಯ 2005ರಿಂದ ಸಂಗ್ರಹಿಸುತ್ತಿದೆ. ಒಕ್ಲಹೋಮದಲ್ಲಿ ಸಾಲೊಮನ್ ಸರ್ ಜೋನ್ಸ್ ಎಂಬ ಪಾದ್ರಿ 1924ರಿಂದ 1928ರವರೆಗೆ ತೆಗೆದ ರೀಲುಗಳಲ್ಲಿ ಕಪ್ಪು ಜನರ ಅಂಗಡಿ, ಶಾಲೆ, ಮೆರವಣಿಗೆ, ಭಾನುವಾರದ ಬಟ್ಟೆ ಎಲ್ಲ ಇದೆ. ಇಂಥ ದಿನನಿತ್ಯದ ಬದುಕು ಸುದ್ದಿಚಿತ್ರಗಳಲ್ಲಿ ಸಿಗುವುದೇ ಇಲ್ಲ.

ಪಾಲಿಸಬೇಕಾದ ನಿಯಮಗಳು: ಮೂಲ ಫೋಟೋವನ್ನು ಮನೆಗೆ ಒಯ್ಯಬೇಡಿ, ಮಾಲೀಕರ ಕಣ್ಣೆದುರೇ ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡಿ. ಫೋಟೋದ ಹಿಂದೆ ಪೆನ್ನಲ್ಲಿ ಬರೆಯಬೇಡಿ. ಯಾರು, ಯಾವ ಊರು, ಸುಮಾರು ಯಾವ ವರ್ಷ ಎಂದು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿಯನ್ನು ಎಲ್ಲಾದರೂ ತೋರಿಸುವುದಾದರೆ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು, ಬೇಡ ಅನ್ನುವ ಆಯ್ಕೆಯೂ ಅದರಲ್ಲೇ ಇರಬೇಕು. ಯಾರಾದರೂ ಹಳೆಯ 8 ಎಂಎಂ ರೀಲು ತಂದರೆ ಡಬ್ಬಿ ತೆರೆದು ಮೂಸಿ ನೋಡಿ. ವಿನೆಗರ್ ಥರದ ಹುಳಿ ವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಅದನ್ನು ಪ್ರೊಜೆಕ್ಟರ್‌ಗೆ ಹಾಕಲೇಬೇಡಿ, ಹರಿದುಹೋಗುತ್ತದೆ. ಬೇರೆ ರೀಲುಗಳಿಂದ ದೂರ, ತಂಪಾದ ಒಣ ಜಾಗದಲ್ಲಿಡಲು ಹೇಳಿ, ವೃತ್ತಿಪರ ಸ್ಕ್ಯಾನಿಂಗ್ ಲ್ಯಾಬ್‌ಗೆ ಕಳಿಸಲು ನೆರವಾಗಿ. ಕೂಟದ ಬಜೆಟ್‌ನಲ್ಲಿ ಹಣ ಮಿಕ್ಕಿದ್ದರೆ ಇದಕ್ಕೆ ಕೊಡಿ.

ಕಾರ್ಯಕ್ರಮದ ನಂತರದ ವಾರ

ಡಿಸ್ಕ್ ಅಥವಾ ಫೈಲ್ ವಿತರಕರಿಗೆ ಸೇರಿದ್ದಾದರೆ ವಾಪಸ್ ಮಾಡಿ ಅಥವಾ ಅಳಿಸಿ, ಎಷ್ಟು ಜನ ಬಂದಿದ್ದರು ಎಂದು ಬರೆದು ತಿಳಿಸಿ. ಸ್ಕ್ಯಾನ್ ಮಾಡಿದ ಫೈಲ್‌ಗಳು ಪ್ರತಿ ಕುಟುಂಬಕ್ಕೂ ತಲುಪಿದವಾ ಖಚಿತ ಮಾಡಿಕೊಳ್ಳಿ. ಒಪ್ಪಿಗೆ ಪತ್ರಗಳು ಜೊತೆಗಾರ ಸಂಸ್ಥೆಯ ಹತ್ತಿರವೇ ಇರಲಿ. ಅವನ್ನು ಆ ಸಂಸ್ಥೆಯವರಿಗೆ ಕೊಡಲು ಹೋದಾಗಲೇ ಮುಂದಿನ ಸೆಪ್ಟೆಂಬರ್‌ನ ಮೊದಲ ಸಭೆಗೆ ಒಂದು ದಿನಾಂಕ ಗೊತ್ತುಮಾಡಿಕೊಳ್ಳಿ. ಆಗ ಚಿತ್ರ ಆರಿಸುವ ಸರದಿ ಅವರದು.